ವೀಲ್‌ಚೇರ್ ಬಳಸುವವರ ಜೊತೆ ಕ್ರೂಸ್ ಪ್ರವಾಸ: ಮನೆಯಿಂದ ಹಡಗಿನವರೆಗಿನ ಸಾರಿಗೆಯನ್ನು ಯೋಜಿಸುವುದು ಹೇಗೆ?

‘ಹಡಗಿನಲ್ಲಿ ಲಿಫ್ಟ್ ಇದೆ, ವೀಲ್‌ಚೇರ್ ಹೋಗುವಂಥ ಕೋಣೆಯೂ ಇದೆ. ಇನ್ನೇನು ತೊಂದರೆ? ಅಮ್ಮನನ್ನು ಆರಾಮಾಗಿ ಕರೆದುಕೊಂಡು ಹೋಗಬಹುದು.’ ಕುಟುಂಬವೊಂದು ಕ್ರೂಸ್ ಪ್ರವಾಸದ ಯೋಚನೆ ಮಾಡಿದಾಗ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಇದರ ಮೊದಲ ಭಾಗ ಬಹುಮಟ್ಟಿಗೆ ನಿಜ. ಇಂದಿನ ದೊಡ್ಡ ವಿಹಾರ ಹಡಗುಗಳಲ್ಲಿ ಅಗಲವಾದ ಬಾಗಿಲು ಮತ್ತು ಹೊಸ್ತಿಲಿಲ್ಲದ ಬಚ್ಚಲಿರುವ ಕೋಣೆಗಳು ಇರುತ್ತವೆ. ಅಮೆರಿಕದಲ್ಲಿ 1990ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಬೇರೆ ದೇಶದ ಧ್ವಜ ಹಾರಿಸುವ ಹಡಗುಗಳು ಅಮೆರಿಕದ ಜಲಸೀಮೆಯಲ್ಲಿದ್ದಾಗ, ಕೆಲವು ಮಿತಿಗಳೊಂದಿಗೆ, ಅವಕ್ಕೂ ಈ ಕಾಯ್ದೆ ಅನ್ವಯಿಸುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ.

ತೊಂದರೆ ಇರುವುದು ಮಾತಿನ ಎರಡನೇ ಭಾಗದಲ್ಲಿ. ಉದಾಹರಣೆಗೆ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಮಗ, ಸೊಸೆ, ಮೊಮ್ಮಕ್ಕಳು ಅಟ್ಲಾಂಟಾದಲ್ಲಿದ್ದಾರೆ. ಪಾರ್ಶ್ವವಾಯುವಿನ ನಂತರ ವೀಲ್‌ಚೇರ್ ಬಳಸುತ್ತಿರುವ ತಾಯಿ ಬೆಂಗಳೂರಿನಿಂದ ಬಂದಿದ್ದಾರೆ. ಎಲ್ಲರೂ ಸೇರಿ ಫ್ಲೋರಿಡಾದ ಮಯಾಮಿಯಲ್ಲಿ ಹಡಗು ಹತ್ತಿ, ಮೆಕ್ಸಿಕೋದ ಕೊಜುಮೆಲ್ ಮತ್ತು ಗ್ರ್ಯಾಂಡ್ ಕೇಮನ್ ದ್ವೀಪಗಳನ್ನು ನೋಡಿ ಮರಳುವ ಯೋಚನೆಯಲ್ಲಿದ್ದಾರೆ. ಈ ದಾರಿಯಲ್ಲಿ ಮನೆಯಿಂದ ಕಾರಿಗೆ, ಕಾರಿನಿಂದ ವಿಮಾನಕ್ಕೆ, ವಿಮಾನದಿಂದ ಮತ್ತೆ ಕಾರಿಗೆ, ಕಾರಿನಿಂದ ಹಡಗಿಗೆ, ಹಡಗಿನಿಂದ ದಡಕ್ಕೆ ಎಷ್ಟು ಬಾರಿ ಬದಲಿಸಬೇಕು ಎಂದು ಎಣಿಸಿ ನೋಡಿ. ಇವುಗಳಲ್ಲಿ ಒಂದೇ ಒಂದು ಕೊಂಡಿ ಕಳಚಿದರೂ ತಾಯಿ ಅಲ್ಲೇ ಉಳಿದುಬಿಡುತ್ತಾರೆ. ಹಡಗು ಎಷ್ಟೇ ಚೆನ್ನಾಗಿದ್ದರೂ ಆಗ ಪ್ರಯೋಜನವಿಲ್ಲ. ಹಾಗಾಗಿ ನಾವು ಈ ಲೇಖನದಲ್ಲಿ ಹಡಗಿನ ಒಳಗಿನ ಸೌಲಭ್ಯಗಳಿಗಿಂತ ಈ ಕೊಂಡಿಗಳ ಬಗ್ಗೆಯೇ ಹೆಚ್ಚು ಮಾತಾಡಲಿದ್ದೇವೆ.

ಮೊದಲು ಏನು ಮಾಡಬೇಕು?

ಟಿಕೆಟ್ ನೋಡುವ ಮೊದಲು ಅಳತೆ ಪಟ್ಟಿ ಹಿಡಿದು ವೀಲ್‌ಚೇರ್ ಅಳೆಯಿರಿ. ಚಕ್ರಗಳ ಹೊರ ಅಂಚಿನಿಂದ ಅಂಚಿಗೆ ಇರುವ ಅಗಲ, ಕಾಲಿಡುವ ಹಲಗೆಯೂ ಸೇರಿದ ಉದ್ದ, ವೀಲ್‌ಚೇರ್‌ನ ತೂಕ, ಅವರು ಅದರಲ್ಲಿ ಕುಳಿತಾಗ ನೆಲದಿಂದ ನೆತ್ತಿಯವರೆಗಿನ ಎತ್ತರ, ಇವಿಷ್ಟನ್ನು ಒಂದು ಕಾಗದದಲ್ಲಿ ಬರೆದಿಡಿ. ಮುಂದೆ ವಿಮಾನ ಸಂಸ್ಥೆ, ವ್ಯಾನ್‌ನವರು, ಹಡಗಿನವರು ಎಲ್ಲರೂ ಕೇಳುವುದು ಇದನ್ನೇ.

ಅಗಲ ಏಕೆ ಮುಖ್ಯ? ಹಡಗಿನ ಸಾಮಾನ್ಯ ಕೋಣೆಗಳ ಬಾಗಿಲು ಹೆಚ್ಚಾಗಿ 60 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಕೈಯಿಂದ ತಳ್ಳುವ ಸಾಧಾರಣ ವೀಲ್‌ಚೇರ್‌ನ ಅಗಲ 62ರಿಂದ 68 ಸೆಂ.ಮೀ. ಅಂದರೆ ಸಾಮಾನ್ಯ ಕೋಣೆ ಕಾಯ್ದಿರಿಸಿ ‘ಹೇಗೋ ನೋಡಿಕೊಳ್ಳೋಣ’ ಎಂದುಕೊಂಡರೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ವೀಲ್‌ಚೇರ್ ಹೋಗುವ ಕೋಣೆಗಳು ಪ್ರತಿ ಹಡಗಿನಲ್ಲೂ ಕೆಲವೇ ಇರುತ್ತವೆ, ಬೇಗ ಖಾಲಿಯಾಗುತ್ತವೆ.

ಅಳತೆಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ: ಅವರು ಎದ್ದು ನಿಂತು, ಒಂದೆರಡು ಹೆಜ್ಜೆ ಇಟ್ಟು, ಪಕ್ಕದ ಸೀಟಿಗೆ ಕೂರಬಲ್ಲರೇ? ಮೆಟ್ಟಿಲು ಹತ್ತಬಲ್ಲರೇ? ಇದನ್ನು ಅವರನ್ನೇ ಕೇಳಿ. ‘ಅಮ್ಮ ಸ್ವಲ್ಪ ನಡೀತಾರೆ’ ಎಂದು ಮಕ್ಕಳು ಫೋನಿನಲ್ಲಿ ಹೇಳುವುದಕ್ಕೂ ಅಮ್ಮನಿಗೆ ನಿಜಕ್ಕೂ ಆಗುವುದಕ್ಕೂ ವ್ಯತ್ಯಾಸವಿರುತ್ತದೆ. ಮನೆಯ ಹಾಲ್‌ನಲ್ಲಿ ಗೋಡೆ ಹಿಡಿದು ನಡೆಯುವವರಿಗೆ ಅಲುಗಾಡುವ ದೋಣಿಯ ಅಂಚು ದಾಟಲು ಆಗದಿರಬಹುದು.

‘ಏರ್‌ಪೋರ್ಟ್‌ನಲ್ಲಿ ವೀಲ್‌ಚೇರ್ ಕೊಡುತ್ತಾರಲ್ಲ, ನಮ್ಮದು ಏಕೆ?’

ಏರ್‌ಪೋರ್ಟ್‌ನ ವೀಲ್‌ಚೇರ್ ಏರ್‌ಪೋರ್ಟ್ ಬಾಗಿಲಲ್ಲಿ ನಿಲ್ಲುತ್ತದೆ. ಅದು ಬಂದರಿಗೆ ಬರುವುದಿಲ್ಲ. ಹಡಗು ಹತ್ತುವಾಗ ಮತ್ತು ಇಳಿಯುವಾಗ ಬಂದರಿನಲ್ಲೂ ವೀಲ್‌ಚೇರ್ ನೆರವು ಸಿಗುತ್ತದೆಯಾದರೂ, ಅದನ್ನು ಪ್ರವಾಸದುದ್ದಕ್ಕೂ ಇಟ್ಟುಕೊಳ್ಳುವಂತಿಲ್ಲ.

ಟಿಕೆಟ್ ಕಾಯ್ದಿರಿಸುವಾಗ ಬರೀ ‘ವೀಲ್‌ಚೇರ್ ಬೇಕು’ ಎಂದರೆ ಸಾಲದು. ವಿಮಾನ ಸಂಸ್ಥೆಗಳು ಇದಕ್ಕೆ ಮೂರು ಸಂಕೇತಗಳನ್ನು ಬಳಸುತ್ತವೆ. ಡಬ್ಲ್ಯುಸಿಎಚ್‌ಆರ್ ಎಂದರೆ ದೂರ ನಡೆಯಲಾರರು, ಆದರೆ ಮೆಟ್ಟಿಲು ಹತ್ತುತ್ತಾರೆ. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲು ಆಗುವುದಿಲ್ಲ, ಒಳಗೆ ಸೀಟಿನವರೆಗೆ ನಡೆಯುತ್ತಾರೆ. ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೂ ಕುರ್ಚಿಯಲ್ಲೇ ಕರೆದೊಯ್ಯಬೇಕು. ನಮ್ಮ ಕಡೆಯ ಬಹಳಷ್ಟು ಹಿರಿಯರಿಗೆ, ಭಾಷೆಯ ತೊಡಕು, ಉದ್ದನೆಯ ಸಾಲುಗಳ ಕಾರಣಕ್ಕೂ ಮಕ್ಕಳು ಮೊದಲನೆಯ ಸಂಕೇತವನ್ನು ಹಾಕಿಸುತ್ತಾರೆ. ನಿಜವಾಗಿ ನಡೆಯಲಾಗದವರಿಗೂ ಅದೇ ಸಂಕೇತ ಬಿದ್ದಿದ್ದರೆ, ವಿಮಾನದ ನಡುದಾರಿಯಲ್ಲಿ ಸಾಗುವ ಕಿರಿದಾದ ಕುರ್ಚಿ ಸಿದ್ಧವಿರುವುದಿಲ್ಲ. ಟಿಕೆಟ್‌ನಲ್ಲಿ ಯಾವುದು ದಾಖಲಾಗಿದೆ ಎಂದು ಪರಿಶೀಲಿಸಿ.

ಸ್ವಂತ ವೀಲ್‌ಚೇರ್ ಅನ್ನು ವಿಮಾನದ ಬಾಗಿಲವರೆಗೂ ಬಳಸಿ, ಅಲ್ಲಿ ಸಿಬ್ಬಂದಿಗೆ ಒಪ್ಪಿಸಬಹುದು. ಅದು ಸರಕಿನ ಜೊತೆ ಕೆಳಗೆ ಹೋಗುತ್ತದೆ. ಇಲ್ಲಿ ಅಪಾಯ ನಿಜಕ್ಕೂ ಇದೆ. ಅಮೆರಿಕದ ಸಾರಿಗೆ ಇಲಾಖೆಯ ಲೆಕ್ಕದ ಪ್ರಕಾರ 2023ರಲ್ಲಿ ಅಲ್ಲಿನ ವಿಮಾನ ಸಂಸ್ಥೆಗಳ ಕೈಯಲ್ಲಿ 11 ಸಾವಿರಕ್ಕೂ ಹೆಚ್ಚು ವೀಲ್‌ಚೇರ್ ಮತ್ತು ಸ್ಕೂಟರ್‌ಗಳು ಹಾನಿಗೊಂಡವು, ತಡವಾದವು ಇಲ್ಲವೇ ಕಳೆದುಹೋದವು. ಸೂಟ್‌ಕೇಸ್ ತಡವಾದರೆ ಒಂದು ದಿನ ಬಟ್ಟೆ ಇರುವುದಿಲ್ಲ. ವೀಲ್‌ಚೇರ್ ತಡವಾದರೆ ಆ ವ್ಯಕ್ತಿಗೆ ಕಾಲೇ ಇರುವುದಿಲ್ಲ. ಒಪ್ಪಿಸುವ ಮುನ್ನ ಎಲ್ಲ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಕಳಚಬಹುದಾದ ಕಾಲ್ಹಲಗೆ, ಪಕ್ಕದ ಹಿಡಿ, ಜಾಯ್‌ಸ್ಟಿಕ್ ಇವನ್ನೆಲ್ಲ ಕಳಚಿ ಜೊತೆಯಲ್ಲೇ ಒಯ್ಯಿರಿ.

ಮುಖ್ಯವಾಗಿ, ಕೂರುವ ದಿಂಬನ್ನು ಕೆಳಗೆ ಕಳುಹಿಸಬೇಡಿ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕುಳಿತರೆ ಬೆನ್ನಿನ ತುದಿಯಲ್ಲಿ, ಕೂರುವ ಮೂಳೆಗಳ ಕೆಳಗೆ ರಕ್ತಸಂಚಾರ ತಗ್ಗಿ ಒತ್ತಡದ ಹುಣ್ಣುಗಳಾಗಬಹುದು. ಸ್ಪರ್ಶಜ್ಞಾನ ಕಡಿಮೆ ಇರುವವರಿಗೆ ಇದು ಗೊತ್ತೂ ಆಗುವುದಿಲ್ಲ. ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ಭಾರವನ್ನು ಸ್ವಲ್ಪ ಆಚೀಚೆ ಮಾಡಿಕೊಳ್ಳಬೇಕು ಎನ್ನುವುದು ತಜ್ಞರ ಸಾಮಾನ್ಯ ಸಲಹೆ. ಬೆಂಗಳೂರಿನಿಂದ ಅಮೆರಿಕಕ್ಕೆ ಬರುವಷ್ಟು ದೀರ್ಘ ಪ್ರಯಾಣದಲ್ಲಿ ಈ ದಿಂಬು ಐಷಾರಾಮದ ವಸ್ತುವೇನಲ್ಲ.

ಬ್ಯಾಟರಿ ವೀಲ್‌ಚೇರ್‌ಗಳನ್ನು ವಿಮಾನದಲ್ಲಿ ಬಿಡುವುದೇ ಇಲ್ಲ ಎಂಬ ನಂಬಿಕೆಯೂ ಇದೆ. ಇದು ತಪ್ಪು. ಬಿಡುತ್ತಾರೆ, ಆದರೆ ವಿಮಾನ ಸಂಸ್ಥೆಯ ಒಪ್ಪಿಗೆ ಮೊದಲೇ ಬೇಕು. ಕಳಚಲು ಬರುವ ಲಿಥಿಯಂ ಬ್ಯಾಟರಿಯಾದರೆ ಅದನ್ನು ತೆಗೆದು ಕೈಚೀಲದಲ್ಲಿ ಒಯ್ಯಬೇಕು. ಒಂದೇ ಬ್ಯಾಟರಿಯಾದರೆ 300 ವ್ಯಾಟ್-ಅವರ್ ಮಿತಿ, ಎರಡಿದ್ದರೆ ತಲಾ 160. ಲೆಕ್ಕ ಸುಲಭ: ವೋಲ್ಟ್ ಅನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 24 ವೋಲ್ಟ್, 10 ಆಂಪಿಯರ್-ಅವರ್ ಎಂದು ಬರೆದಿದ್ದರೆ 240 ವ್ಯಾಟ್-ಅವರ್. ಅಂಥದ್ದು ಒಂದಿದ್ದರೆ ಸರಿ, ಎರಡಿದ್ದರೆ ಮಿತಿ ಮೀರುತ್ತದೆ. 24 ವೋಲ್ಟ್, 6 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳಾದರೆ ತಲಾ 144, ತೊಂದರೆಯಿಲ್ಲ. ಹೊಸದಾಗಿ ಮಡಚುವ ಬ್ಯಾಟರಿ ವೀಲ್‌ಚೇರ್ ಕೊಳ್ಳುವವರು ಅಂಗಡಿಯಲ್ಲೇ ಈ ಲೆಕ್ಕ ಹಾಕುವುದು ಒಳ್ಳೆಯದು.

ಏರ್‌ಪೋರ್ಟ್‌ನಿಂದ ಬಂದರಿಗೆ: ಸಾಮಾನ್ಯ ಟ್ಯಾಕ್ಸಿ ಸಾಕೇ?

ಫ್ಲೋರಿಡಾದಲ್ಲಿ ಯಾವ ಬಂದರಿನಿಂದ ಹೊರಡುತ್ತೀರಿ ಎನ್ನುವುದೇ ಅರ್ಧ ಉತ್ತರ. ಫೋರ್ಟ್ ಲಾಡರ್‌ಡೇಲ್ ವಿಮಾನ ನಿಲ್ದಾಣಕ್ಕೂ ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿಗೂ ಕೆಲವೇ ಕಿ.ಮೀ. ಮಯಾಮಿ ವಿಮಾನ ನಿಲ್ದಾಣದಿಂದ ಅಲ್ಲಿನ ಬಂದರಿಗೆ ಸುಮಾರು 13 ಕಿ.ಮೀ. ಒರ್ಲ್ಯಾಂಡೊದಿಂದ ಪೋರ್ಟ್ ಕೆನವೆರಲ್‌ಗಾದರೆ ಸುಮಾರು 70 ಕಿ.ಮೀ. ಟಿಕೆಟ್ ದರದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಹತ್ತಿರದ ಬಂದರನ್ನೇ ಆರಿಸಿಕೊಳ್ಳಿ ಎನ್ನುತ್ತೇವೆ ನಾವು. ವ್ಯಾನ್ ಕೈಕೊಟ್ಟರೂ ಇನ್ನೊಂದು ಹುಡುಕಲು ಸಮಯ ಸಿಗುತ್ತದೆ.

ತಾಯಿಯವರು ಸೀಟಿಗೆ ಬದಲಿಸಿಕೊಂಡು ಕೂರಬಲ್ಲರು, ವೀಲ್‌ಚೇರ್ ಮಡಚುತ್ತದೆ ಎಂದಾದರೆ ಸಾಮಾನ್ಯ ಟ್ಯಾಕ್ಸಿ ಸಾಕು. ಮಡಚಿದ ಸಾಧಾರಣ ವೀಲ್‌ಚೇರ್ 15ರಿಂದ 18 ಕಿಲೋ ಇರುತ್ತದೆ, ದೊಡ್ಡ ಡಿಕ್ಕಿಯಲ್ಲಿ ಕೂರುತ್ತದೆ. ಆದರೆ ಐದು ಜನರ ಸೂಟ್‌ಕೇಸ್‌ಗಳೂ ಅದೇ ಡಿಕ್ಕಿಗೆ ಬರಬೇಕು ಎನ್ನುವುದನ್ನು ಎಷ್ಟೋ ಕುಟುಂಬಗಳು ಮರೆಯುತ್ತವೆ. ಅಮೆರಿಕದ ನಿಯಮದಂತೆ, ಮಡಚುವ ವೀಲ್‌ಚೇರ್ ಇದೆ ಎಂಬ ಕಾರಣಕ್ಕೆ ಟ್ಯಾಕ್ಸಿಯವರು ಬರುವುದಿಲ್ಲ ಎನ್ನುವಂತಿಲ್ಲ, ಅದನ್ನು ಡಿಕ್ಕಿಯಲ್ಲಿಡಲು ಹೆಚ್ಚು ಹಣ ಕೇಳುವಂತೆಯೂ ಇಲ್ಲ.

ವೀಲ್‌ಚೇರ್‌ನಲ್ಲಿ ಕುಳಿತೇ ಪ್ರಯಾಣಿಸಬೇಕು ಎಂದಾದರೆ ರ‍್ಯಾಂಪ್ ಅಥವಾ ಲಿಫ್ಟ್ ಇರುವ ವ್ಯಾನ್ ಬೇಕು. ಈ ವಿಷಯದಲ್ಲಿ ನಮ್ಮಲ್ಲಿ ಒಂದು ಅಪಾಯಕಾರಿ ನಂಬಿಕೆ ಇದೆ. ದೊಡ್ಡ ಗಾಡಿಯೊಳಗೆ ವೀಲ್‌ಚೇರ್ ತಳ್ಳಿ, ಬ್ರೇಕ್ ಹಾಕಿ, ಪಕ್ಕದಲ್ಲೊಬ್ಬರು ಹಿಡಿದುಕೊಂಡರೆ ಆಯಿತು ಎನ್ನುವವರಿದ್ದಾರೆ. ವೀಲ್‌ಚೇರ್‌ನ ಬ್ರೇಕ್ ಇರುವುದು ನಿಂತಲ್ಲಿ ಚಕ್ರ ಉರುಳದಿರಲಿ ಎಂದು ಮಾತ್ರ. ವಾಹನದಲ್ಲಿ ಬಳಸುವ ವೀಲ್‌ಚೇರ್‌ಗಳನ್ನು ಅಮೆರಿಕದ ಡಬ್ಲ್ಯುಸಿ19 ಮಾನದಂಡದಂತೆ ಗಂಟೆಗೆ 48 ಕಿ.ಮೀ. ವೇಗದ ಅಪಘಾತಕ್ಕೆ ಸಮನಾದ ಪರೀಕ್ಷೆಗೆ ಒಡ್ಡುತ್ತಾರೆ. ಆ ಕ್ಷಣದಲ್ಲಿ ಗುರುತ್ವದ ಸುಮಾರು 20 ಪಟ್ಟು ಬಲ ಬೀಳುತ್ತದೆ. ಅಂದರೆ 18 ಕಿಲೋದ ಬರಿ ವೀಲ್‌ಚೇರ್ 360 ಕಿಲೋದಂತೆ, 100 ಕಿಲೋದ ಬ್ಯಾಟರಿ ವೀಲ್‌ಚೇರ್ ಎರಡು ಟನ್ನಿನಂತೆ ಮುಂದಕ್ಕೆ ನುಗ್ಗುತ್ತದೆ. ಅದನ್ನು ಮನುಷ್ಯರ ಕೈ ಹಿಡಿದು ನಿಲ್ಲಿಸಲಾರದು.

ಸರಿಯಾದ ಕ್ರಮ ಹೀಗಿದೆ: ವೀಲ್‌ಚೇರ್ ವಾಹನದ ಮುಂಭಾಗಕ್ಕೇ ಮುಖ ಮಾಡಿರಬೇಕು, ಅಡ್ಡಕ್ಕೆ ಅಲ್ಲ. ಅದರ ಚೌಕಟ್ಟಿನ ನಾಲ್ಕು ಕಡೆ ಪಟ್ಟಿಗಳನ್ನು ಸಿಕ್ಕಿಸಿ ನೆಲಕ್ಕೆ ಬಿಗಿಯಬೇಕು. ಕೂತವರಿಗೆ ಸೊಂಟ ಮತ್ತು ಭುಜ ಎರಡನ್ನೂ ಹಿಡಿಯುವ ಬೆಲ್ಟ್ ಬೇರೆಯೇ ಇರಬೇಕು. ವೀಲ್‌ಚೇರ್‌ಗೆ ಹೊಲಿದಿರುವ ಸೊಂಟಪಟ್ಟಿ ಕೂರುವ ಭಂಗಿಗಾಗಿ ಇರುವಂಥದ್ದು, ಅಪಘಾತದಲ್ಲಿ ಅದನ್ನು ನಂಬುವಂತಿಲ್ಲ. ಮೂರು ಅಥವಾ ನಾಲ್ಕು ಚಕ್ರದ ಸ್ಕೂಟರ್ ಬಳಸುವವರು ಸಾಧ್ಯವಾದರೆ ವಾಹನದ ಸೀಟಿಗೆ ಬದಲಿಸಿಕೊಳ್ಳುವುದೇ ಸುರಕ್ಷಿತ. ಎದ್ದು ಸೀಟಿಗೆ ಹೋಗಬಲ್ಲ ಯಾರಿಗಾದರೂ ಇದೇ ಮಾತು ಅನ್ವಯಿಸುತ್ತದೆ.

ವ್ಯಾನ್ ಕಾಯ್ದಿರಿಸುವಾಗ ‘ವೀಲ್‌ಚೇರ್ ವ್ಯಾನಾ?’ ಎಂದು ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ. ಬಾಗಿಲಿನ ಎತ್ತರ ಎಷ್ಟು, ರ‍್ಯಾಂಪಿನ ಅಗಲ ಎಷ್ಟು, ಎಷ್ಟು ತೂಕ ತಡೆಯುತ್ತದೆ, ನಾಲ್ಕು ಪಟ್ಟಿಗಳಿವೆಯೇ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಅಮೆರಿಕದ ನಿಯಮದಂತೆ ಸಾರ್ವಜನಿಕ ವಾಹನಗಳ ಲಿಫ್ಟ್ ಕನಿಷ್ಠ 272 ಕಿಲೋ ಎತ್ತಬೇಕು, ಅದರ ಹಲಗೆ ಕನಿಷ್ಠ 76 ಸೆಂ.ಮೀ. ಅಗಲ, 122 ಸೆಂ.ಮೀ. ಉದ್ದ ಇರಬೇಕು. ಇದರಲ್ಲಿ ವೀಲ್‌ಚೇರ್ ಮತ್ತು ಕೂತವರ ತೂಕ ಎರಡೂ ಸೇರುತ್ತದೆ. ಹಡಗಿನ ಕಂಪನಿಯ ಮೂಲಕವೇ ಬಸ್ ಕಾಯ್ದಿರಿಸುವುದಾದರೆ, ಬಾಡಿಗೆ ಬಸ್ಸಿನವರಿಗೆ ಲಿಫ್ಟ್ ಇರುವ ಬಸ್ ಕೊಡಲು 48 ಗಂಟೆ ಮುಂಚಿತ ಸೂಚನೆ ಕೇಳುವ ಅವಕಾಶವಿದೆ. ಆ ದಿನ ಬೆಳಿಗ್ಗೆ ಕೇಳಿದರೆ ಸಿಗದೆ ಹೋಗಬಹುದು. ನೀವು ಒಂದೆರಡು ತಿಂಗಳ ಮೊದಲೇ ಹೇಳಿ, ವಾರದ ಮೊದಲು ಮತ್ತೊಮ್ಮೆ ನೆನಪಿಸಿ.

ಹಡಗು ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯುವ ಯೋಚನೆ ಬೇಡವೇ ಬೇಡ. ಹಡಗು ಹೊರಡುವ ಒಂದರಿಂದ ಒಂದೂವರೆ ಗಂಟೆ ಮೊದಲೇ ಹತ್ತಿಸಿಕೊಳ್ಳುವುದು ಸಾಮಾನ್ಯವಾಗಿ ನಿಲ್ಲುತ್ತದೆ, ನಿಮ್ಮ ವ್ಯಾನ್‌ಗಾಗಿ ಅದು ಕಾಯುವುದಿಲ್ಲ. ಹಿಂದಿನ ದಿನ ತಲುಪಿದರೆ, ವೀಲ್‌ಚೇರ್‌ಗೆ ಏನಾದರೂ ಆಗಿದ್ದರೂ ಬಾಡಿಗೆಗೆ ಇನ್ನೊಂದನ್ನು ತರಿಸಲು ಒಂದು ಸಂಜೆ ಇರುತ್ತದೆ.

ಹಡಗಿನ ಇಳಿಜಾರು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು

ಹಡಗಿಗೂ ದಡಕ್ಕೂ ನಡುವೆ ಇರುವ ಸೇತುವೆಯಂಥ ದಾರಿ ಒಂದೇ ಇಳಿಜಾರಿನಲ್ಲಿ ಇರುವುದಿಲ್ಲ. ಹಡಗು ತೇಲುತ್ತದೆ, ಧಕ್ಕೆ ತೇಲುವುದಿಲ್ಲ. ಸಮುದ್ರದ ಉಬ್ಬರ ಇಳಿತದೊಂದಿಗೆ ಹಡಗು ಏರಿ ಇಳಿಯುತ್ತದೆ, ದಾರಿಯ ಕೋನವೂ ಬದಲಾಗುತ್ತದೆ. ಮಂಗಳೂರಿನ ಕಡಲಲ್ಲಿ ಈ ಏರಿಳಿತ ಒಂದೂವರೆ ಮೀಟರ್ ಆಸುಪಾಸು. ಮಯಾಮಿಯಲ್ಲಿ ಅದಕ್ಕಿಂತ ಕಡಿಮೆ. ಅಲಾಸ್ಕಾದ ಕೆಚಿಕನ್‌ನಂಥ ಬಂದರಿನಲ್ಲಿ ನಾಲ್ಕರಿಂದ ಐದು ಮೀಟರ್!

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. 12 ಮೀಟರ್ ಉದ್ದದ ದಾರಿ ಒಂದು ಮೀಟರ್ ಏರಿದರೆ, ಕಟ್ಟಡಗಳ ರ‍್ಯಾಂಪಿಗೆ ಒಪ್ಪುವ 1:12ರ ಇಳಿಜಾರು. 70 ಕಿಲೋದ ವ್ಯಕ್ತಿ, 18 ಕಿಲೋದ ವೀಲ್‌ಚೇರ್ ಎಂದರೆ 88 ಕಿಲೋ. ತಳ್ಳುವವರಿಗೆ ಬೀಳುವ ಭಾರ ಸುಮಾರು 7 ಕಿಲೋ. ಅದೇ ದಾರಿ ಮೂರು ಮೀಟರ್ ಏರಿದರೆ 22 ಕಿಲೋ. ಬೆಳಿಗ್ಗೆ ಸೊಸೆ ಒಬ್ಬರೇ ಸುಲಭವಾಗಿ ತಳ್ಳಿದ ದಾರಿಯಲ್ಲಿ ಮಧ್ಯಾಹ್ನ ಇಬ್ಬರು ಬೇಕಾಗುವುದು ಇದಕ್ಕೇ. ಕಡಿದಾದ ಕಡೆ ಇಳಿಯುವಾಗ ತಳ್ಳುವವರು ಹಿಮ್ಮುಖವಾಗಿ ಇಳಿಯಬೇಕು, ಕೂತವರ ಮುಖ ಏರಿನ ಕಡೆಗಿರಬೇಕು. ಇಲ್ಲದಿದ್ದರೆ ಅವರು ಮುಂದಕ್ಕೆ ಜಾರುತ್ತಾರೆ.

ಹಡಗು ದ್ವೀಪಕ್ಕೆ ಹೋಗುತ್ತದೆ, ಆದರೆ ಅವರು ಇಳಿಯುತ್ತಾರೆಯೇ?

ನಮ್ಮ ಉದಾಹರಣೆಯ ಕುಟುಂಬ ಎಡವುವುದು ಇಲ್ಲಿ. ಕೊಜುಮೆಲ್‌ನಲ್ಲಿ ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ. ಗ್ರ್ಯಾಂಡ್ ಕೇಮನ್‌ನ ಜಾರ್ಜ್‌ಟೌನ್‌ನಲ್ಲಿ ದೊಡ್ಡ ಹಡಗುಗಳಿಗೆ ಧಕ್ಕೆಯಿಲ್ಲ. ಅದನ್ನು ಕಟ್ಟಬೇಕೇ ಎಂದು 2025ರಲ್ಲಿ ಅಲ್ಲಿನ ಜನರನ್ನೇ ಮತದ ಮೂಲಕ ಕೇಳಿದಾಗ ಹೆಚ್ಚಿನವರು ಬೇಡ ಎಂದರು. ಹೀಗಾಗಿ ಹಡಗು ಸಮುದ್ರದಲ್ಲೇ ಲಂಗರು ಹಾಕುತ್ತದೆ, ಪ್ರಯಾಣಿಕರನ್ನು ಟೆಂಡರ್ ಎಂಬ ಚಿಕ್ಕ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತಾರೆ. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ವಿಹಾರ ಹಡಗಿನಲ್ಲೂ ಇದೇ ಪದ್ಧತಿ.

ಈ ದೋಣಿ ಅಲೆಯೊಂದಿಗೆ ಏಳುತ್ತ ಬೀಳುತ್ತ ಇರುತ್ತದೆ. ಹಡಗಿನ ಬಾಗಿಲಿಗೂ ದೋಣಿಗೂ ನಡುವಿನ ಎತ್ತರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಪ್ರಯಾಣಿಕರು ಸ್ವತಃ ಹೆಜ್ಜೆಯಿಟ್ಟು ದಾಟಬಲ್ಲರೇ ಎಂದು ಸಿಬ್ಬಂದಿ ನೋಡುತ್ತಾರೆ. ಅವರು ಸಾಮಾನ್ಯವಾಗಿ ಯಾರನ್ನೂ ಎತ್ತಿ ಕೂರಿಸುವುದಿಲ್ಲ. ಭಾರದ ಬ್ಯಾಟರಿ ವೀಲ್‌ಚೇರ್‌ಗಳನ್ನು ಹಲವು ಹಡಗುಗಳು ದೋಣಿಗೆ ಹತ್ತಿಸುವುದೇ ಇಲ್ಲ. ಕೆಲವೇ ಹಡಗುಗಳಲ್ಲಿ ಇದಕ್ಕಾಗಿ ಲಿಫ್ಟ್ ಇದೆ. ಗಾಳಿ ಜೋರಾಗಿದ್ದರೆ ಅದೂ ಬಂದ್. ಕೊನೆಯ ಮಾತು ಆ ಹೊತ್ತಿಗೆ ಅಲ್ಲಿರುವ ಸಿಬ್ಬಂದಿಯದ್ದು, ಅದಕ್ಕೆ ವಾದ ಮಾಡಿ ಪ್ರಯೋಜನವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅವರ ನಿರ್ಧಾರ ಬಹುತೇಕ ಸರಿಯಾಗಿಯೇ ಇರುತ್ತದೆ.

ಆದರೆ ಆ ಬೆಳಿಗ್ಗೆ ಟೆಂಡರ್ ಬಾಗಿಲಲ್ಲಿ ಈ ವಿಷಯ ತಿಳಿದರೆ ಏನಾಗುತ್ತದೆ? ‘ನೀವೆಲ್ಲ ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ’ ಎಂದು ತಾಯಿ ಹೇಳುತ್ತಾರೆ. ಮಗ ಉಳಿಯಬೇಕೋ ಮಕ್ಕಳನ್ನು ಕರೆದೊಯ್ಯಬೇಕೋ ಗೊತ್ತಾಗದೆ ನಿಲ್ಲುತ್ತಾನೆ. ಎಲ್ಲರೂ ಜೊತೆಗಿರಲೆಂದು ಮಾಡಿದ ಪ್ರವಾಸ ಅಲ್ಲಿ ಇಬ್ಭಾಗವಾಗುತ್ತದೆ. ಇದೇ ವಿಷಯ ನಾಲ್ಕು ತಿಂಗಳ ಮೊದಲು ಗೊತ್ತಿದ್ದರೆ ಪೂರ್ತಿ ಧಕ್ಕೆಗೆ ನಿಲ್ಲುವ ಬಂದರುಗಳಿರುವ ಇನ್ನೊಂದು ಮಾರ್ಗವನ್ನು ಆರಿಸಬಹುದಿತ್ತು. ಅಥವಾ ‘ಆ ದಿನ ನನಗೆ ಹಡಗಿನ ಮೇಲೆಯೇ ನೆಮ್ಮದಿ’ ಎಂದು ತಾಯಿಯೇ ಮೊದಲು ತೀರ್ಮಾನಿಸಿರಬಹುದಿತ್ತು. ಎರಡನೆಯದರಲ್ಲಿ ಬೇಸರವಿಲ್ಲ. ಆದ್ದರಿಂದ ಮಾರ್ಗ ನೋಡುವಾಗ ಪ್ರತಿ ಬಂದರಿನ ಮುಂದೆ ‘ಧಕ್ಕೆಯೋ, ಟೆಂಡರೋ’ ಎಂದು ಬರೆದುಕೊಳ್ಳಿ. ಹಡಗಿನ ಮಾರ್ಗಸೂಚಿಯಲ್ಲಿ ಟೆಂಡರ್ ಬಂದರುಗಳಿಗೆ ಹೆಚ್ಚಾಗಿ ಒಂದು ಗುರುತು ಇರುತ್ತದೆ, ಚಿಕ್ಕ ಅಕ್ಷರದಲ್ಲಿ.

ದಡಕ್ಕಿಳಿದ ಮೇಲಿನ ಗಾಡಿಯೂ ಬೇರೆಯೇ ಪ್ರಶ್ನೆ. ಅಮೆರಿಕದ ಕಾನೂನು ಕೊಜುಮೆಲ್‌ನ ಟ್ಯಾಕ್ಸಿಗೆ ಅನ್ವಯಿಸುವುದಿಲ್ಲ. ಹಡಗಿನವರು ಮಾರುವ ದಿನದ ಪ್ರವಾಸಗಳಲ್ಲಿ ‘ವೀಲ್‌ಚೇರ್ ಸ್ನೇಹಿ’ ಎಂದಿದ್ದರೂ, ಬಸ್ಸಿಗೆ ಲಿಫ್ಟ್ ಇದೆಯೇ ಅಥವಾ ಮೂರು ಮೆಟ್ಟಿಲು ಹತ್ತಬೇಕೇ ಎಂದು ಕೇಳಿ ತಿಳಿಯಿರಿ.

ಮರಳುವ ದಿನ

ಹೋಗುವ ವ್ಯಾನ್ ಕಾಯ್ದಿರಿಸಿ ಬರುವ ವ್ಯಾನ್ ಮರೆಯುವವರು ಬಹಳ ಮಂದಿ. ಮಯಾಮಿಯಲ್ಲಿ ಟರ್ಮಿನಲ್‌ಗಳು ಹಲವು, ಆದ್ದರಿಂದ ಚಾಲಕರಿಗೆ ಹಡಗಿನ ಹೆಸರಿನ ಜೊತೆ ಟರ್ಮಿನಲ್ ಯಾವುದೆಂದೂ ತಿಳಿಸಿ. ಇಳಿಯಲು ವೀಲ್‌ಚೇರ್ ನೆರವು ಬೇಕಿದ್ದರೆ ಹಡಗಿನಲ್ಲೇ ಮೊದಲು ಹೆಸರು ಕೊಡಿ. ನೆರವು ಕೇಳಿದವರೆಲ್ಲ ಒಂದೇ ಕಡೆ ಕಾಯಬೇಕಾಗುವುದರಿಂದ ತಡವಾಗಬಹುದು. ಮನೆಗೆ ಮರಳುವ ವಿಮಾನ ಮಧ್ಯಾಹ್ನ ಒಂದು ಗಂಟೆಯ ನಂತರದ್ದಿರಲಿ. ಹಿಂದಿನ ರಾತ್ರಿ ಸೂಟ್‌ಕೇಸ್‌ಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ, ಅವು ಮತ್ತೆ ಕೈಗೆ ಸಿಗುವುದು ದಡದಲ್ಲಿ. ವೀಲ್‌ಚೇರ್‌ನ ಚಾರ್ಜರ್, ಔಷಧಿ, ಕಳಚಿಟ್ಟ ಕಾಲ್ಹಲಗೆ ಅವುಗಳೊಳಗೆ ಸೇರಿಕೊಂಡಿಲ್ಲ ಎಂದು ಹೊರಗಿಡುವ ಮುನ್ನ ಒಮ್ಮೆ ನೋಡಿಕೊಳ್ಳಿ.